ಸತ್ತವರನ್ನು ‘ಆಗಿದ್ದಾರೆ’ ಅನ್ನಬೇಡಿ ಮಾರಾಯ್ರೆ

ಬೆಳಗ್ಗೆಯಿಂದ ಇದು ಮೂರನೇ ಸಲ ಕಣ್ಣಿಗೆ ಬೀಳುತ್ತಿರುವುದು: ‘ಗಾಂಧೀಜಿಯವರು ನಮ್ಮ ರಾಷ್ಟ್ರಪಿತರಾಗಿದ್ದಾರೆ.’ ಯಾವಾಗಿನಿಂದ? ಹೋದ ತಿಂಗಳು ನೇಮಕವಾಯಿತೇ? ‘ಆಗಿದ್ದಾರೆ’ ಅಂದರೆ ಇವತ್ತೂ ಆ ಕುರ್ಚಿಯಲ್ಲಿದ್ದಾರೆ ಅಂತ. 1948ರ ಜನವರಿ 30ಕ್ಕೆ ತೀರಿಕೊಂಡವರು ಇವತ್ತು ಏನೂ ‘ಆಗಿ’ರಲಾರರು.

ಹಾಗಾದರೆ ‘ರಾಷ್ಟ್ರಪಿತರಾಗಿದ್ದರು’ ಅನ್ನೋಣವೇ? ಅದು ಇನ್ನೂ ಕೆಟ್ಟದು, ಈಗಲ್ಲ ಎಂದಂತಾಯಿತು. ಇಲ್ಲಿ ಕನ್ನಡಕ್ಕೆ ಕ್ರಿಯಾಪದವೇ ಬೇಡ. ‘ಗಾಂಧೀಜಿ ರಾಷ್ಟ್ರಪಿತ.’ ‘ಲಿಂಕನ್ ಅಮೆರಿಕದ 16ನೇ ಅಧ್ಯಕ್ಷರು.’ ಮುಗಿಯಿತು. ಎಷ್ಟನೆಯವರು ಅನ್ನುವುದು ಸತ್ತ ಮೇಲೂ ಬದಲಾಗದು. ಅವಧಿ ಹೇಳುವಾಗ ‘ಆಗಿದ್ದರು’ ಬರಲಿ: ಮಂಡೇಲಾ 1994ರಿಂದ 1999ರವರೆಗೆ ದಕ್ಷಿಣ ಆಫ್ರಿಕಾದ ಅಧ್ಯಕ್ಷರಾಗಿದ್ದರು.

ಇದೇ ಚಟದ ಇನ್ನೊಂದು ಮುಖ: ‘ಮಾಜಿ ಪ್ರಧಾನಿ ನೆಹರು 1964ರಲ್ಲಿ ನಿಧನರಾಗಿದ್ದಾರೆ.’ ಒಂದೇ ಸಾಲಿಗೆ ಎರಡು ಪೆಟ್ಟು! ‘ನಿಧನರಾಗಿದ್ದಾರೆ’, ‘ಅಗಲಿದ್ದಾರೆ’ ಎಲ್ಲ ಸುದ್ದಿ ಬಿಸಿಯಿರುವ ದಿನದ ಮಾತು. ಇಸವಿ ಬಂತೋ, ‘ನಿಧನರಾದರು’. (‘ಮೃತರಿಗೆ ಇಬ್ಬರು ಮಕ್ಕಳಿದ್ದಾರೆ’ ಸರಿಯೇ. ಅಲ್ಲಿ ಇರುವವರು ಮಕ್ಕಳು.) ಇನ್ನು ಆ ‘ಮಾಜಿ’. ನೆಹರು ಮಾಜಿ ಆಗಲೇ ಇಲ್ಲ. ಮೇ 27ರಂದು ಕಣ್ಣು ಮುಚ್ಚುವಾಗಲೂ ಪ್ರಧಾನಿಯೇ. 1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ತೀರಿಕೊಂಡ ಶಾಸ್ತ್ರಿಯವರೂ ಅಷ್ಟೇ. 2013ರಲ್ಲಿ ಹೋದ ಮಂಡೇಲಾ ನಿಜವಾಗಿ ಮಾಜಿ. ‘1962ರಲ್ಲಿ ಮಾಜಿ ಪ್ರಧಾನಿ ನೆಹರು ಹೇಳಿದರು’ ಅಂತ ಬರೆಯುವವರಿಗೆ ‘ಆಗಿನ’ ಅನ್ನುವ ಮೂರಕ್ಷರ ಅಷ್ಟು ಭಾರವೇ?

ಬೈಸಿಕೊಂಡವರು ಹೆದರಿ ಎಲ್ಲದಕ್ಕೂ ‘ಇದ್ದರು’ ಅಂಟಿಸುತ್ತಾರೆ. ‘1930ರಲ್ಲಿ ಗಾಂಧೀಜಿ ದಾಂಡಿಗೆ ನಡೆದಿದ್ದರು. ಉಪ್ಪು ಎತ್ತಿದ್ದರು. ಬಂಧನಕ್ಕೊಳಗಾಗಿದ್ದರು.’ ಓದುತ್ತಾ ಹೋದರೆ, ಆಮೇಲೇನಾಯಿತು ಅಂತ ಕಾಯಬೇಕಾಗುತ್ತದೆ. ‘ನಡೆದಿದ್ದರು’ ಬೇಕಾಗುವುದು ಇನ್ನೊಂದು ಘಟನೆಗಿಂತ ಹಿಂದೆ ಆದದ್ದಕ್ಕೆ. ಮಾರ್ಚ್ 12ಕ್ಕೆ ಹೊರಟರು, ಏಪ್ರಿಲ್ 5ಕ್ಕೆ ತಲುಪಿದರು, ಮರುದಿನ ಉಪ್ಪು ಎತ್ತಿದರು. ಅಷ್ಟು ಹೊತ್ತಿಗೆ ಮೂರು ವಾರಕ್ಕೂ ಹೆಚ್ಚು ಕಾಲ ನಡೆದಿದ್ದರು. ನೋಡಿ, ಈ ಕೊನೆಯದೊಂದಕ್ಕೆ ಸಾಕು. ರೂಢಿ ಹೇಳುವುದಾದರೆ ‘ನೂಲುತ್ತಿದ್ದರು’. ಚಿತ್ರದ ಕೆಳಗೆ ‘ನೂಲುತ್ತಿರುವ ಗಾಂಧೀಜಿ’ ಅಂದರೆ ತಪ್ಪಿಲ್ಲ, ಚಿತ್ರದೊಳಗೆ ನೂಲುತ್ತಲೇ ಇದ್ದಾರಲ್ಲ.

ಬರಹದ ಮಾತು ಬೇರೆ. ಪುಟ ಕಣ್ಣ ಮುಂದಿರುವಾಗ ‘ಅಂಬೇಡ್ಕರ್ ಇಲ್ಲಿ ವಾದಿಸುತ್ತಾರೆ’ ಚೆನ್ನಾಗಿಯೇ ಇದೆ. ಎಡವುವುದು ‘1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಹೇಳುತ್ತಾರೆ’ ಅನ್ನುವಾಗ. ತಾರೀಖು ಕೊಟ್ಟ ಮೇಲೆ ‘ಹೇಳಿದರು’. ಸತ್ತವರು ‘ನಂಬುತ್ತಾರೆ’, ‘ಇಷ್ಟಪಡುತ್ತಾರೆ’ ಅಂತೂ ಬೇಡವೇ ಬೇಡ. ನಂಬಿದ್ದರು, ಇಷ್ಟಪಡುತ್ತಿದ್ದರು. ಇತಿಹಾಸವನ್ನು ಕಣ್ಣಿಗೆ ಕಟ್ಟುವಂತೆ ವರ್ತಮಾನದಲ್ಲಿ ಹೇಳುವ ಧಾಟಿಯೊಂದಿದೆ, ಒಪ್ಪಿದೆ. ಆದರೆ ಒಂದು ಪ್ಯಾರಾ ಪೂರ್ತಿ ಹಾಗೇ ಇರಲಿ. ‘ಹೊರಡುತ್ತಾರೆ, ತಲುಪಿದರು, ಎತ್ತುತ್ತಾರೆ’ ಅಂದರೆ ಓದುವವರಿಗೆ ತಲೆಸುತ್ತು.

‘ಮಹಾತ್ಮರಿಗೆ ಸಾವಿಲ್ಲ ಸಾರ್, ಅದಕ್ಕೇ ಇದ್ದಾರೆ ಅಂತೀವಿ’ ಅಂತ ಯಾರೋ ಬಂದೇ ಬರುತ್ತಾರೆ. ಆಹಾ. ಸಾವಿಲ್ಲದ್ದು ಅವರು ಆಡಿದ, ಕಟ್ಟಿದ, ಬರೆದದ್ದಕ್ಕೆ. ಅದನ್ನೇ ಕರ್ತೃ ಮಾಡಿ: ‘ಅವರ ಮಾತು ಇಂದಿಗೂ ಚುಚ್ಚುತ್ತದೆ.’ ವೇದಿಕೆ ಮೇಲೆ ‘ನಮ್ಮೊಳಗೇ ಇದ್ದಾರೆ’ ಅಂತ ಕಣ್ಣೊರೆಸಿಕೊಳ್ಳಿ, ಬೇಡ ಅಂದವರಾರು? ಪರಿಚಯದ ಟಿಪ್ಪಣಿಯಲ್ಲಿ ಮಾತ್ರ ‘ಸಂಸ್ಥೆಯ ಅಧ್ಯಕ್ಷರಾಗಿದ್ದಾರೆ’ ಅಂತ ಬರೆಯಬೇಡಿ. ಯಾರಾದರೂ ನಂಬಿ ಅವರ ಹೆಸರಿಗೇ ಆಮಂತ್ರಣ ಕಳಿಸಿಯಾರು.

ಜಯಂತಿ ಬಂದರಂತೂ ‘ಇಂದು ಗಾಂಧೀಜಿಗೆ 150 ವರ್ಷ!’ 2019ರ ಅಕ್ಟೋಬರ್ 2ಕ್ಕೆ ತುಂಬಿದ್ದು ಅವರು ಹುಟ್ಟಿ 150 ವರ್ಷ. ಅವರ ವಯಸ್ಸು 78ಕ್ಕೇ ನಿಂತಿದೆ.