ಅತ್ತಿಹಣ್ಣಿನೊಳಗಿನ ಹುಳ

ಅತ್ತಿಹಣ್ಣನ್ನು ಬಿಚ್ಚಿದರೆ ಹುಳ ಇದ್ದೇ ಇರುತ್ತದೆ. ಮೇಲೆ ಥಳಕು, ಒಳಗೆ ಹುಳುಕು ಎಂದು ಪಾಪದ ಹಣ್ಣಿಗೆ ಕೆಟ್ಟ ಹೆಸರು ಬಂದದ್ದು ಹಾಗೆ. ಅನ್ಯಾಯವೇ ಸರಿ. ಆ ಹುಳದ ತಾಯಿ ಒಳಗೆ ಹೊಕ್ಕಿರದಿದ್ದರೆ ಕಾಯಿ ಹಣ್ಣಾಗದೆ ಉದುರುತ್ತಿತ್ತು.

ಅತ್ತಿಯ ಹೂ ಕಂಡವರಿಲ್ಲ. ಹೂಗಳೆಲ್ಲ ನಾವು ಕಾಯಿ ಎನ್ನುವುದರ ಒಳಗೇ ಮುಖ ಮಾಡಿ ಕೂತಿವೆ, ಸಾವಿರಾರು. ಒಳಗೆ ಹೋಗಲು ತುದಿಯಲ್ಲಿ ಒಂದೇ ಕಿಂಡಿ, ಅದಕ್ಕೂ ಪುಟ್ಟ ಎಲೆಗಳ ಬಿಗಿಯಾದ ಕದ. ಸುಮಾರು 2 ಮಿಲಿಮೀಟರಿನ ಹೆಣ್ಣು ಕಣಜವೊಂದು ವಾಸನೆ ಹಿಡಿದು ಬಂದು ಆ ಸಂದಿನಲ್ಲಿ ನುಸುಳುತ್ತದೆ. ನುಸುಳುವಾಗ ರೆಕ್ಕೆ ಕಿತ್ತುಹೋಗುತ್ತದೆ, ಮೀಸೆಯೂ ಮುರಿಯುತ್ತದೆ. ಇನ್ನು ವಾಪಸು ಬರುವ ಮಾತಿಲ್ಲ. ಎದೆಯ ಚೀಲಗಳಲ್ಲಿ ತಂದ ಪರಾಗವನ್ನು ಹೂಗಳಿಗೆ ಉಣಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಮರಿಗೆ, ಉಳಿದದ್ದು ಬೀಜಕ್ಕೆ. ಮರ ತನ್ನ ಮಕ್ಕಳಲ್ಲಿ ಒಂದಷ್ಟನ್ನು ಕೂಲಿಗೆ ಕೊಟ್ಟಂತಾಯಿತು.

ಹೆಚ್ಚುಕಡಿಮೆ ಒಂದು ತಿಂಗಳಾದ ಮೇಲೆ, ಮೊದಲು ಗಂಡುಗಳು ತಾವು ಬೆಳೆದ ಹೂಗಳಿಂದ ಹೊರಬರುತ್ತವೆ. ಅವಕ್ಕೆ ರೆಕ್ಕೆಯೇ ಇಲ್ಲ. ಹೆಣ್ಣುಗಳನ್ನು ಗೂಡಿನೊಳಗಿರುವಾಗಲೇ ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡಿಕೊಟ್ಟು ಸಾಯುತ್ತವೆ. ಅಷ್ಟರಲ್ಲಿ ಗಂಡುಹೂಗಳೂ ಬಲಿತಿರುತ್ತವೆ. ಹೆಣ್ಣುಗಳು ಪರಾಗ ತುಂಬಿಕೊಂಡು ಆ ತೂತಿನಿಂದ ಹಾರುತ್ತವೆ.

ತೊಡಕು ಇರುವುದು ಇಲ್ಲೇ. ಒಂದು ಮರದ ಕಾಯಿಗಳೆಲ್ಲ ಬಹುಪಾಲು ಒಟ್ಟಿಗೇ ಬಲಿಯುತ್ತವೆ. ಹೊರಬಿದ್ದ ಕಣಜಕ್ಕೆ ಆ ಮರದಲ್ಲಿ ಮೊಟ್ಟೆಯಿಡಲು ಹದವಾದ ಎಳೆಗಾಯಿ ಸಿಗುವುದಿಲ್ಲ. ಅದರ ಆಯುಷ್ಯ ಒಂದೆರಡು ದಿನ. ಅಷ್ಟರೊಳಗೆ ಬೇರೆ ಹದದಲ್ಲಿರುವ ಇನ್ನೊಂದು ಅತ್ತಿ ಸಿಗಬೇಕು. ದತ್ತಾತ್ರೇಯನ ಹೆಸರಿನಲ್ಲಿ ಗುಡಿಯ ಅಂಗಳದ ಒಂದು ಮರ ಉಳಿಸಿ, ಹಳ್ಳದ ದಂಡೆಯ ಹತ್ತನ್ನು ಕಡಿದರೆ ದೇವರ ಮರಕ್ಕೂ ಕಷ್ಟವೇ.

ಕಣಜವಿಲ್ಲದೆ ಹಣ್ಣಿಲ್ಲ ಎಂಬುದು ಕ್ಯಾಲಿಫೋರ್ನಿಯಾದ ಬೆಳೆಗಾರರಿಗೆ ಬೇರೆ ರೀತಿಯಲ್ಲಿ ಅರ್ಥವಾಯಿತು. ಟರ್ಕಿಯಿಂದ ಅತ್ತಿಯ ಬಳಗದ ಸ್ಮಿರ್ನಾ ಅಂಜೂರ ತಂದು ನೆಟ್ಟರು, ಕಾಯಿ ಉದುರುತ್ತಲೇ ಹೋಯಿತು. 1899ರಲ್ಲಿ ಅದರ ಕಣಜ ನೆಲೆಯೂರಿದ ಮೇಲೆಯೇ ಬೆಳೆ ಕೈಗೆ ಬಂದದ್ದು. ನಮ್ಮಲ್ಲಿ ಬೆಳೆಯುವ ಪುಣೆ ಅಂಜೂರಕ್ಕೆ ಈ ಹಂಗಿಲ್ಲ.

ಇನ್ನು ಪುಕ್ಕಟೆ ಗಿರಾಕಿಗಳು. ಪರಾಗ ತರದೆ, ಉದ್ದ ಸೂಜಿಯಿಂದ ಹೊರಗಿನಿಂದಲೇ ಚುಚ್ಚಿ ಮೊಟ್ಟೆಯಿಡುವ ಕಣಜಗಳೂ ಇವೆ. ಕಾಯಿಗೊಂಚಲಿನ ಮೇಲೆ ಚಗಳಿ ಇರುವೆ ಓಡಾಡುತ್ತಿದ್ದರೆ ಇವುಗಳ ಆಟ ಅಷ್ಟಾಗಿ ನಡೆಯುವುದಿಲ್ಲ.

ನೋಡುವ ಆಸೆಯಿದ್ದರೆ ಕೆಂಪಾದ ಹಣ್ಣು ಬೇಡ, ಬಹುಪಾಲು ಹುಳ ಹಾರಿಹೋಗಿರುತ್ತದೆ. ದಪ್ಪಗಾಗಿ ಇನ್ನೂ ಹಸಿರಿರುವ ನಾಲ್ಕೈದು ಕಾಯಿಗಳನ್ನು ಗಾಜಿನ ಬಾಟಲಿಯಲ್ಲಿ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ. ಮುಚ್ಚಳ ಹಾಕಿದರೆ ಬೆವತು ಬೂಸ್ಟು ಹಿಡಿಯುತ್ತದೆ. ಸೊಳ್ಳೆಪರದೆಯ ಕಣ್ಣಂತೂ ದೊಡ್ಡದಾಯಿತು, ಇವು ಆರಾಮವಾಗಿ ನುಸುಳಿಬಿಡುತ್ತವೆ.