ಬಲ್ಲವನನ್ನು ಬಾಗಿಲಲ್ಲಿ ನಿಲ್ಲಿಸಿದ ಸಭೆ

ದಾವಣಗೆರೆಯಲ್ಲಿ ಡಾಂಬರು ಆರುವ ಮೊದಲೇ ರಸ್ತೆ ಅಗೆಯುವುದು ಸಂಪ್ರದಾಯ. ಅಗೆದಾಗ ಕುಡಿಯುವ ನೀರಿನ ಪೈಪು ಒಡೆಯುವುದು ಅದರ ಮುಂದಿನ ವಿಧಿ. 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಗೆ ಊರಿನ ಹೆಸರು ಸೇರಿದ ಮೇಲೆ ಈ ವಿದ್ಯೆಗೆ ಘನತೆಯೂ ಬಂದಿತು, ಸಮನ್ವಯ ಸಭೆಯೂ ಬಂದಿತು.

ಸಭೆಯಲ್ಲಿ ವಿದ್ಯುತ್ತಿನವರು, ನೀರಿನವರು, ಒಳಚರಂಡಿಯವರು, ಕೇಬಲ್‌ನವರು ಒಂದೇ ಮೇಜಿನ ಸುತ್ತ ಕುಳಿತು, ರಸ್ತೆ ಹಾಳಾಗಿದೆ, ಮಳೆಗಾಲ ಹತ್ತಿರವಾಗಿದೆ, ಸಾರ್ವಜನಿಕರು ಸಹಕರಿಸುತ್ತಿಲ್ಲ ಎಂದು ಎಲ್ಲರಿಗೂ ಮೊದಲೇ ಗೊತ್ತಿದ್ದುದನ್ನು ಪರಸ್ಪರ ತಿಳಿಸಿ ಏಳುತ್ತಾರೆ. ಗುಂಪು ಕೂಡಿದಾಗ ಎಲ್ಲರೂ ಬಲ್ಲ ವಿಷಯವೇ ಚರ್ಚೆಯಾಗುತ್ತದೆ, ಒಬ್ಬನೇ ಬಲ್ಲದ್ದು ಬಹುಪಾಲು ಅವನಲ್ಲೇ ಉಳಿಯುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಸ್ಟಾಸರ್ ಮತ್ತು ಟೈಟಸ್ 1985ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ನಮ್ಮ ಸಭೆಯ ನಡಾವಳಿ ಕೈಗೆ ಸಿಕ್ಕಿದ್ದರೆ ಪಾಪ, ಆ ಖರ್ಚು ಉಳಿಯುತ್ತಿತ್ತು. ಯಾರಿಗೆ ಏನು ಗೊತ್ತು ಎಂಬುದು ಎಲ್ಲರಿಗೂ ಗೊತ್ತಿದ್ದರೆ ಮಾತ್ರ ತಂಡಕ್ಕೆ ನೆನಪಿದೆ ಎನ್ನಬಹುದೆಂಬುದು ಡೇನಿಯಲ್ ವೆಗ್ನರ್ ಎಂಬ ಮನೋವಿಜ್ಞಾನಿಯ ವಿಚಾರದ ಸಾರ. ನಮ್ಮಲ್ಲಿ ಯಾರ ಕುರ್ಚಿ ಯಾವುದು ಎಂಬುದು ಗೊತ್ತಿದ್ದರೆ ಸಾಕು.

ಪೈಪಿನ ಹಾದಿ ಬಲ್ಲವನು ವಾಲ್ವ್‌ಮನ್. ಕಬ್ಬಿಣದ ಉದ್ದನೆಯ ಕೀ ಹಿಡಿದು ನಸುಕಿನಲ್ಲೇ ಓಣಿ ಸುತ್ತುವ ಆತನಿಗೆ, ಹಳೆಯ ಲೈನು ಯಾವ ಮನೆಯ ಕಟ್ಟೆಯ ಕೆಳಗೆ ತಿರುಗಿದೆ, ಯಾವ ವಾಲ್ವನ್ನು ಒಂದು ಸುತ್ತು ಹೆಚ್ಚು ತಿರುವಿದರೆ ಮೇಲಿನ ಓಣಿಗೆ ನೀರು ಏರುವುದಿಲ್ಲ ಎಂಬುದೆಲ್ಲ ಬಾಯಿಪಾಠ. ಸಭೆಗೆ ಆತನೂ ಬಂದಿದ್ದ, ಚಹಾ ಮತ್ತು ಮಂಡಕ್ಕಿ-ಮಿರ್ಚಿ ಹಿಡಿದುಕೊಂಡು. ಪೈಪಿನ ನಕ್ಷೆ ಎಲ್ಲಿ ಎಂದು ಅಧ್ಯಕ್ಷರು ಕೇಳಿದಾಗ, 1997ರಲ್ಲಿ ಜಿಲ್ಲೆ ಬೇರೆಯಾದ ಹೊತ್ತಿನಲ್ಲಿ ಅದು ಚಿತ್ರದುರ್ಗದಲ್ಲೇ ಉಳಿದಿರಬೇಕೆಂದು ಅಧಿಕಾರಿಯೊಬ್ಬರು ವಿನಯದಿಂದ ನಿವೇದಿಸಿದರು. ‘ಆ ಲೈನು ನಂಗೆ ಗೊತ್ತೈತಿ ಸಾರ್’ ಎಂದು ಬಾಗಿಲ ಬಳಿಯಿಂದ ಬಂದ ಮಾತು ಕಾರ್ಯಸೂಚಿಯಲ್ಲಿ ಇರಲಿಲ್ಲವಾದ್ದರಿಂದ ನಡಾವಳಿಗೆ ಸೇರಲಿಲ್ಲ.

ಅಷ್ಟರಲ್ಲಿ ಹೊರಗುತ್ತಿಗೆಯ ಏಜೆನ್ಸಿ ಬದಲಾಯಿತು. ಆತ ಕೀಯನ್ನು ಕಚೇರಿಗೆ ಒಪ್ಪಿಸಿ, ಸಹಿ ಹಾಕಿ ಮನೆಗೆ ಹೋದ. ಕೀಗೆ ರಸೀದಿ ಕೊಟ್ಟರು. ತಲೆಯಲ್ಲಿದ್ದ ನಕ್ಷೆಯನ್ನು ಒಪ್ಪಿಸಿಕೊಳ್ಳಲು ನಮೂನೆ ಇರಲಿಲ್ಲ. ಮುಂದಿನ ಸಭೆಯು ಭೂಗತ ಪೈಪುಗಳನ್ನು ಪತ್ತೆಹಚ್ಚಲು ಟೆಂಡರ್ ಕರೆದು, ಬೆಂಗಳೂರಿನಿಂದ ಸಲಹೆಗಾರರನ್ನು ಕರೆಸಿತು. ಅವರು ಕಾರಿನಿಂದ ಇಳಿದವರೇ, ಈ ಭಾಗದ ಹಳೆಯ ವಾಲ್ವ್‌ಮನ್ ಯಾರು ಎಂದು ವಿಚಾರಿಸಿದರು.