ಗಲ್ಲು ಅಂದ ಮೇಲೆ 16 ವರ್ಷ

ಊರಿನ ಕಡೆ ಯಾವುದಾದರೂ ಕೊಲೆ ಕೇಸಿನಲ್ಲಿ ಗಲ್ಲು ಆಯಿತು ಅಂದರೆ ಸಾಕು, ನಮ್ಮ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಕೈಮುಗಿಯುವ ಚಿತ್ರಗಳ ಸುರಿಮಳೆ. ‘ನ್ಯಾಯ ಸಿಕ್ತು’ ಅಂತ ಅತ್ತೆ. ‘ಇಷ್ಟು ದಿನ ಕೂಡಿಹಾಕಿ ಅನ್ನ ಹಾಕಿದ್ದೇ ದಂಡ’ ಅಂತ ಚಿಕ್ಕಪ್ಪ. ಮಾರನೇ ದಿನ ಎಲ್ಲರೂ ಮರೆತಿರುತ್ತಾರೆ. ಇಂಗ್ಲೆಂಡಿಗೆ ಬಂದ ಮೇಲೆ ಆ ಹೊತ್ತಿನಲ್ಲಿ ನಾನು ಸುಮ್ನೆ ಇರುವುದೇ ಜಾಸ್ತಿ.

ಇಲ್ಲಿ 2022ರಿಂದ, ಗಂಭೀರ ಅಪರಾಧಗಳ ಕೇಸು ನಡೆಸುವ ಕ್ರೌನ್ ಕೋರ್ಟಿನ ಜಡ್ಜು ಶಿಕ್ಷೆ ಓದುವುದನ್ನು ಟಿವಿಯಲ್ಲಿ ತೋರಿಸುತ್ತಾರೆ. ಕ್ಯಾಮೆರಾ ಜಡ್ಜಿನ ಮೇಲಷ್ಟೇ. ಅಪರಾಧಿ ಕಾಣುವುದಿಲ್ಲ, ಸತ್ತವರ ಮನೆಯವರೂ ಕಾಣುವುದಿಲ್ಲ. ಮೊದಲ ಸಲ ನೋಡಿದಾಗ ತುಂಬಾ ಸಪ್ಪೆ ಅನಿಸಿತ್ತು. ಕೊಲೆಗೆ ಜೀವಾವಧಿ ಹೇಗಿದ್ದರೂ ಕಡ್ಡಾಯ. ಜಡ್ಜು ಹೇಳಬೇಕಿರುವುದು ಕನಿಷ್ಠ ಎಷ್ಟು ವರ್ಷ ಒಳಗಿರಬೇಕು ಅನ್ನುವುದು. ಚಾಕು ಹೊರಗಿಂದ ತಂದಿದ್ದ, ಅದಕ್ಕೆ ಜಾಸ್ತಿ. ವಯಸ್ಸು ಚಿಕ್ಕದು, ಅದಕ್ಕೆ ಕಡಿಮೆ. ಕೊನೆಗೆ ಇಷ್ಟು ವರ್ಷ, ಅದರಲ್ಲಿ ಈಗಾಗಲೇ ಜೈಲಿನಲ್ಲಿ ಕಳೆದ ಇಷ್ಟು ದಿನ ವಜಾ. ಥೇಟ್ ಅಂಗಡಿ ಲೆಕ್ಕ. ಆದರೆ ಮನೆಯವರು ಅವತ್ತೇ ಆ ಲೆಕ್ಕ ಹಿಡಿದು ಮನೆಗೆ ಹೋಗುತ್ತಾರೆ. ಆ ವರ್ಷ ತುಂಬಿದಾಗ, ಹೊರಗೆ ಬಿಡಬಹುದೇ ಎಂದು ನೋಡುವ ಪೆರೋಲ್ ಮಂಡಳಿಯ ಮುಂದೆ ಕೇಸು ಬಂದರೆ, ಬಯಸಿದವರಿಗೆ ಸುದ್ದಿ ಮುಟ್ಟಿಸುವುದಕ್ಕೇ ಒಬ್ಬ ಅಧಿಕಾರಿ ಇರುತ್ತಾರೆ.

ನಮ್ಮಲ್ಲಿ ಹೇಗೆ? ಉಮೇಶ್ ರೆಡ್ಡಿಯ ಕೇಸನ್ನೇ ನೋಡಿ. ಪೊಲೀಸ್ ಕೆಲಸದಲ್ಲಿದ್ದವನು. 1998ರಲ್ಲಿ ಬೆಂಗಳೂರಿನ ಒಂದು ಮನೆಗೆ ನುಗ್ಗಿ ಹೆಣ್ಣುಮಗಳೊಬ್ಬಳ ಮೇಲೆ ಅತ್ಯಾಚಾರ ಮಾಡಿ ಕೊಂದ. ಅವನು ಮನೆಯಿಂದ ಹೊರಟಾಗ ಎದುರಿಗೆ ಸಿಕ್ಕಿದ್ದು ಆಕೆಯ ಪುಟ್ಟ ಮಗ. ಆ ಮಗನೂ ಕೋರ್ಟಿನಲ್ಲಿ ಸಾಕ್ಷಿ ಹೇಳಿದ. 2006ರಲ್ಲಿ ಸೆಷನ್ಸ್ ಕೋರ್ಟಿನಲ್ಲಿ ಗಲ್ಲು ಶಿಕ್ಷೆ ಆಯಿತು. ಹೈಕೋರ್ಟ್ ಖಾಯಂ ಮಾಡಿತು, 2011ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಿತು. 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನ ಅರ್ಜಿ ತಳ್ಳಿಹಾಕಿದರು. ಇನ್ನೇನು, ಮುಗಿಯಿತು ಅಂದುಕೊಂಡೆವು. 2022ರ ನವೆಂಬರಿನಲ್ಲಿ ಅದೇ ಸುಪ್ರೀಂ ಕೋರ್ಟ್ ಗಲ್ಲು ರದ್ದು ಮಾಡಿ, ಕನಿಷ್ಠ 30 ವರ್ಷದ ಜೀವಾವಧಿ ಎಂದಿತು.

ಕಾರಣ ಏನು ಗೊತ್ತಾ? ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವನನ್ನು ಹತ್ತು ವರ್ಷ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಎಲ್ಲ ಅರ್ಜಿಗಳೂ ಮುಗಿಯುವ ತನಕ ಯಾರನ್ನೂ ‘ಗಲ್ಲಿನ ಕೈದಿ’ ಅಂತ ಹಾಗೆ ಬೇರೆ ಕೂಡಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1978ರಲ್ಲಿ! ಜೈಲಿನವರು ಮಾಡಿದ ತಪ್ಪಿಗೆ ಶಿಕ್ಷೆ ಇಳಿಯಿತು. ಆ ತೀರ್ಪು ಸರಿಯೇ. ಆದರೆ ಸಾಕ್ಷಿ ಹೇಳಿದ ಆ ಹುಡುಗ ಅಷ್ಟರಲ್ಲಿ ಮೂವತ್ತರ ಆಸುಪಾಸಿಗೆ ಬಂದಿರಬೇಕು ಅಲ್ವಾ?

ಹಾಗಂತ ಇಲ್ಲಿಯವರನ್ನು ಹೊಗಳುತ್ತಾ ಕೂರುವುದಿಲ್ಲ. ಇವರಿಗೆ ಗಲ್ಲಿನಲ್ಲಿ ಎಂಥ ಅವಸರ ಇತ್ತೆಂದರೆ, ಡೆರೆಕ್ ಬೆಂಟ್ಲಿ ಎಂಬ 19 ವರ್ಷದ ಹುಡುಗನಿಗೆ 1952ರ ಡಿಸೆಂಬರಿನಲ್ಲಿ ಶಿಕ್ಷೆಯಾಗಿ, ಜನವರಿ ಮುಗಿಯುವುದರೊಳಗೆ ನೇಣು ಹಾಕಿಯಾಗಿತ್ತು. ಪೊಲೀಸನಿಗೆ ಗುಂಡು ಹೊಡೆದು ಕೊಂದವನು ಅವನಲ್ಲ, ಜೊತೆಗಿದ್ದ 16ರ ಪೋರ. ಆ ಪೋರ ವಯಸ್ಸು ಸಾಲದ್ದಕ್ಕೆ ಉಳಿದುಕೊಂಡು, ಹತ್ತು ವರ್ಷಕ್ಕೆ ಹೊರಗೆ ಬಂದ. ಬೆಂಟ್ಲಿಯ ತೀರ್ಪು ತಪ್ಪೆಂದು ರದ್ದಾಗಿದ್ದು 1998ರಲ್ಲಿ, ಬೆಂಗಳೂರಿನ ಆ ಕೊಲೆ ನಡೆದ ವರ್ಷವೇ. ಅವನಿಗಾಗಿ ಜೀವಮಾನವಿಡೀ ಓಡಾಡಿದ ಅಕ್ಕ ಅದರ ಹಿಂದಿನ ವರ್ಷವೇ ತೀರಿಹೋಗಿದ್ದಳು. ನಮ್ಮ ನಿಧಾನಕ್ಕೆ ಬಯ್ಯುವಾಗ ನನಗೆ ಈ ಏಳು ವಾರ ನೆನಪಾಗುತ್ತದೆ.

ನನಗೆ ಗಲ್ಲು ಬೇಡ. ಬೇಕಿರುವುದು ಇಲ್ಲಿಯ ಜಡ್ಜು ಓದುವ ವರ್ಷಗಳ ಆ ಲೆಕ್ಕ. ಅದು ನಮಗೆ ಹೊಸದೂ ಅಲ್ಲ. 2008ರಲ್ಲಿ ಬೆಂಗಳೂರಿನದೇ ಇನ್ನೊಂದು ಕೇಸಿನಲ್ಲಿ, ಹೆಂಡತಿಯನ್ನು ಕೊಂದ ಸ್ವಾಮಿ ಶ್ರದ್ಧಾನಂದನಿಗೆ ಸುಪ್ರೀಂ ಕೋರ್ಟ್ ಗಲ್ಲಿನ ಬದಲು ‘ಸಾಯುವ ತನಕ ಜೈಲು, ಬಿಡುಗಡೆ ಇಲ್ಲ’ ಎಂದಿತು. ಗಲ್ಲಿಗೂ, ಜೀವಾವಧಿಯವರು ಸಾಮಾನ್ಯವಾಗಿ ಹೊರಬರಬಹುದಾದ 14 ವರ್ಷಕ್ಕೂ ನಡುವೆ ಒಂದು ದಾರಿ ಸಿಕ್ಕಿತು. ಆದರೆ 2015ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಹೀಗೆ ವರ್ಷ ಕಟ್ಟುವ ಅಧಿಕಾರ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಮಾತ್ರ ಎಂದುಬಿಟ್ಟಿತು. ಸಾಕ್ಷಿಯ ಮುಖ ನೋಡಿದ ಸೆಷನ್ಸ್ ಜಡ್ಜಿನ ಕೈಯಲ್ಲಿ 30 ವರ್ಷ ಎಂದು ಬರೆಯುವ ಅವಕಾಶ ಇಲ್ಲ. ಸಾಮಾನ್ಯ ಜೀವಾವಧಿ ತೀರಾ ಕಡಿಮೆ ಅನಿಸಿದರೆ ಗಲ್ಲು ಬರೆಯಬೇಕು. ಬರೆದು ಪೆನ್ನಿನ ಮುಳ್ಳು ಮುರಿಯುತ್ತಾರೆ. ಅಲ್ಲಿಂದ ಶುರು ಅಲೆದಾಟ.

ಹೋದ ವಾರ ಫೋನಿನಲ್ಲಿ ಅಮ್ಮನಿಗೆ ಇಷ್ಟೂ ಹೇಳಿದೆ. ಆ ಜಡ್ಜಿನ ಲೆಕ್ಕ, ಪೆರೋಲಿನ ಅಧಿಕಾರಿ ಎಲ್ಲ ಕೇಳಿಸಿಕೊಂಡಳು.

‘ಗಲ್ಲು ತೆಗೆದರು ಅಂತ ಆ ತಬ್ಬಲಿ ಹುಡುಗನಿಗೆ ಯಾರು ಹೇಳಿದ್ರೋ?’ ಅಂದಳು.

‘ಟಿವಿಯಲ್ಲಿ ನೋಡಿರ್ತಾನೆ ಬಿಡಮ್ಮ’ ಅಂದೆ.